ಎಕ್ಕದ ಜೊತಿಗೊಂದು ಏಳು: ಲಿಮಿಟ್ ಹೋಲ್ಡೆಮ್‌ನಾಗ ಸಣ್ಣ ಎಕ್ಕದ ಲೆಕ್ಕ

ಬಳ್ಳಾರಿ ಕಡೆ ಇಸ್ಪೀಟ್ ಕಲ್ತೋರಿಗೆ ಎಕ್ಕ ಪ್ಯಾಕ್ ಮಾಡು (ಎಲೆ ಎಸೆದು ಆ ಸಲದ ಆಟ ಬಿಡು) ಅಂದ್ರ ಕೈ ಬರಂಗಿಲ್ರಿ. ಹೋಲ್ಡೆಮ್ ಅನ್ನೋ ಥರದ ಪೋಕರ್ ಆಡೋ ನಮ್ಮ ಭಾನುವಾರದ ಗುಂಪನ್ನೇ ತಗೊಳ್ರಿ, ಜೀನ್ಸ್ ಹೊಲಿಯೋ ಯೂನಿಟ್ ಇಟ್ಕೊಂಡಿರೋ ಅಣ್ಣ ಒಬ್ರು, ಹೈಸ್ಕೂಲಿಗೆ ಗಣಿತ ಹೇಳೋ ಮೇಷ್ಟ್ರು ಒಬ್ರು, ಸಂಡೂರು ಕಡೆ ಗಣಿಯಾಗ ದುಡಿದು ರಿಟೈರ್ ಆದ ಕಾಕಾ ಒಬ್ರು, ತೋರಣಗಲ್ಲಿನ ಸ್ಟೀಲ್ ಪ್ಲಾಂಟಿಗೆ ಶಿಫ್ಟಿಗೆ ಹೋಗೋ ಹುಡುಗ್ರು ಮೂರು ಮಂದಿ, ಮತ್ತ ನಾನು. ಎಲ್ಲಾರೂ ಶಾಣ್ಯಾರೇ. ವ್ಯಾಪಾರದಾಗ ಒಂದ್ ರೂಪಾಯಿ ಬಿಟ್ಟುಕೊಡೋ ಮಂದಿ ಅಲ್ಲ. ಆದ್ರ ಕೈಗೆ ಎಕ್ಕ ಬಂತು ಅಂದ್ರ ಮುಗೀತು, ಪಕ್ಕದ ಎಲೆ ಮೂರೋ ಏಳೋ ಅಂತ ನೋಡೋಕೂ ಮುಂಚೆ ರೊಕ್ಕದ ಬದಲು ನಾವಿಡೋ ಬೀಜ ಒಳಗ ಬಿದ್ದಿರ್ತಾವ. ಮೇಷ್ಟ್ರು ಒಬ್ರೇ ಇದಕ್ಕ ಹೊರಗು, ಅವ್ರ ಕಥಿ ಮುಂದ ಬರ್ತೈತಿ.

ಕಾರಣ ಹುಡುಕಾಕ ದೂರ ಹೋಗೋದು ಬ್ಯಾಡ, ನಾವೆಲ್ಲ ಮೂರೆಲೆ ಆಡಿ ಬೆಳೆದವ್ರು. ದೀಪಾವಳಿಗೆ, ಯುಗಾದಿಗೆ, ಮದುವಿ ಮನಿ ರಾತ್ರಿಗೆ, ಒಂದೋ ಮೂರೆಲೆ ಇಲ್ಲಾಂದ್ರ ಅಂದರ್ ಬಾಹರ್. ಅಂದರ್ ಬಾಹರ್‌ನಾಗ ಯಾವ ಎಲೆ ಆದ್ರೂ ಒಂದೇ, ಅದನ್ನ ಬಿಡ್ರಿ. ಮೂರೆಲೆಯಾಗ ಮಾತ್ರ ಎಕ್ಕ ಅಂದ್ರ ನಿಜವಾಗ್ಲೂ ಬಲ, ಅದು ಬರೀ ನಂಬಿಕಿ ಅಲ್ಲ. 52 ಎಲೆಯಿಂದ ಮೂರು ಎಲೆ ಬರೋದು 22,100 ಥರ. ಅದ್ರಾಗ 16,440 ಖಾಲಿ ಕೈ, ಅಂದ್ರ ಜೋಡಿ ಇಲ್ಲ ಕಲರ್ ಇಲ್ಲ ಸೀಕ್ವೆನ್ಸ್ ಇಲ್ಲ, ನೂರಕ್ಕ 74. ಆ ಖಾಲಿ ಕೈಗಳೊಳಗ ಎಕ್ಕ ಇಲ್ಲದವು 12,600. ಹಂಗಂದ್ರ ನಿಮ್ಮ ಹತ್ರ ಒಂದು ಎಕ್ಕ, ಜೊತಿಗೆ ಎರಡು ಕಸದ ಎಲೆ ಇದ್ರೂ ಆಟದಾಗ ಬರಬಹುದಾದ ಕೈಗಳ ಪೈಕಿ ನೂರಕ್ಕ 57ನ್ನ ನೀವು ಕೂತಲ್ಲೇ ಹೊಡೆದಂಗ ಆತು. ಎದುರಿಗೆ ಒಬ್ಬನೇ ಉಳಿದಾಗ ಎಕ್ಕ ಹಿಡ್ಕೊಂಡು ಶೋ ಕೇಳೋದು ಧೈರ್ಯದ ಮಾತಲ್ಲ, ಲೆಕ್ಕದ ಮಾತು. ನಮ್ಮ ದೊಡ್ಡೋರು ಈ ಲೆಕ್ಕ ಹಾಕಿರ್ಲಿಲ್ಲ, ಆದ್ರ ಕೈ ಅನುಭವಕ್ಕ ಗೊತ್ತಿತ್ತು.

ಹೋಲ್ಡೆಮ್‌ನಾಗ ಕೈಯಾಗ ಎರಡು, ನೆಲದ ಮ್ಯಾಲೆ ಐದು (ಮೊದ್ಲು ಒಟ್ಟಿಗೆ ಮೂರು, ಅದು ಫ್ಲಾಪ್, ಆಮ್ಯಾಲೆ ಒಂದು ಟರ್ನ್, ಕೊನಿಗೆ ಒಂದು ರಿವರ್), ಏಳರಾಗ ಚಲೋ ಐದು ಆರಿಸ್ಕೊಳ್ಳೋದು. ಏಳು ಎಲೆ ಕೂಡಿದ ಮ್ಯಾಲೆ ಜೋಡಿನೂ ಇಲ್ಲದೆ ಖಾಲಿ ಉಳಿಯೋದು ನೂರಕ್ಕ 17 ಸಲ ಅಷ್ಟೇ. ಕೊನಿ ತನಕ ಬಂದೋರಾಗ ಯಾರಿಗೋ ಒಬ್ರಿಗೆ ಏನೋ ಒಂದು ಕೂಡಿರ್ತೈತಿ. ಮೂರೆಲೆಯಾಗ ಗೆಲ್ಲಿಸ್ತಿದ್ದ ಎಕ್ಕ ಇಲ್ಲಿ ಬರೀ ಒಂದು ಭರವಸೆ ಆಗ್ತೈತಿ, ಅದು ಜೋಡಿ ಆಗಬೇಕು, ಜೋಡಿ ಆದ ಮ್ಯಾಲೂ ಪಕ್ಕದ ಎಲೆ, ಅಂದ್ರ ಕಿಕ್ಕರ್, ನಿಲ್ಲಬೇಕು. ತಮಾಷಿ ಏನಂದ್ರ ರಮ್ಮಿ ಆಡುವಾಗ ಇದೇ ಮಂದಿ ಜೊತಿ ಇಲ್ಲದ ಎಕ್ಕನ್ನ ಮೊದಲನೇ ಸುತ್ತಿಗೇ ಹೊರಗ ಬಿಸಾಕ್ತಾರ, ಯಾಕಂದ್ರ ಅಲ್ಲಿ ಅದು ತಲಿ ಮ್ಯಾಲೆ 10 ಪಾಯಿಂಟ್. ಅಲ್ಲಿ ಎಸಿಯೋ ಕೈ ಇಲ್ಲಿ ಯಾಕ ಎಸಿಯಂಗಿಲ್ಲೋ ದೇವರಿಗೇ ಗೊತ್ತು.

ಲಿಮಿಟ್ ಆಟ ಗೊತ್ತಿಲ್ಲದವ್ರಿಗೆ ಎರಡು ಮಾತು. ಟಿವಿಯಾಗ, ಯೂಟ್ಯೂಬ್‌ನಾಗ ನೋಡೋದು ನೋ ಲಿಮಿಟ್, ಆಲ್ ಇನ್ ಅಂತ ಎಲ್ಲಾ ತಳ್ಳಿಬಿಡೋದು. ಲಿಮಿಟ್‌ನಾಗ ಹಂಗಿಲ್ಲ, ಎಷ್ಟು ಹಾಕಬೇಕು ಅಂತ ಮೊದಲೇ ನಿಗದಿ. ನಾವು ಆಡೋದು 2-4, ಎಲೆ ಹಂಚಿದಾಗ ಮತ್ತ ಫ್ಲಾಪ್‌ನಾಗ ಒಂದು ಬೆಟ್ ಅಂದ್ರ 2 ಬೀಜ, ಟರ್ನ್ ಮತ್ತ ರಿವರ್‌ನಾಗ 4 ಬೀಜ, ಒಂದು ಸುತ್ತಿಗೆ ಒಂದು ಬೆಟ್ ಮತ್ತ ಮೂರು ರೇಸ್ (ಬೆಟ್ ಏರಿಸೋದು), ಅದರ ಮ್ಯಾಲೆ ಇಲ್ಲ. ಸ್ಮಾಲ್ ಬ್ಲೈಂಡ್ 1, ಬಿಗ್ ಬ್ಲೈಂಡ್ 2, ಅಂದ್ರ ಎಲೆ ನೋಡೋ ಮುಂಚೆನೇ ಇಬ್ರು ಹಾಕಲೇಬೇಕಾದ ಬೀಜ. ಬೀಜ ಅಂದ್ರ ಹುಣಸಿ ಬೀಜಾನೇ ರೀ, ರೊಕ್ಕ ಅಲ್ಲ. ಆನ್‌ಲೈನ್ ರೊಕ್ಕದ ಆಟಕ್ಕ 2025ರ ಆಗಸ್ಟ್‌ನಾಗ ಪಾರ್ಲಿಮೆಂಟಿನಾಗ ಕಾಯ್ದೆ ಆತು, ಕೌಶಲದ ಆಟ ಅದೃಷ್ಟದ ಆಟ ಅಂತ ಭೇದ ಇಲ್ಲದೆ ಎಲ್ಲಾ ಬಂದ್, ಆಪ್‌ಗಳೂ ರೊಕ್ಕದ ಟೇಬಲ್ ಮುಚ್ಚಿದ್ವು. ನಾವು ಅದಕ್ಕೂ ಮುಂಚಿನಿಂದ್ಲೂ ಬೀಜದಾಗೇ ಆಡ್ತಿದ್ವಿ, ಕಡೀಕ ಯಾರ ಹತ್ರ ಬೀಜ ಕಮ್ಮಿನೋ ಅವ್ರು ಎಲ್ಲಾರಿಗೂ ವಗ್ಗರಣಿ ಮಿರ್ಚಿ ತರಸಬೇಕು, ಅಷ್ಟೇ ಲೆಕ್ಕ. ನೋ ಲಿಮಿಟ್ ಆಡಿದ್ರ ಅರ್ಧ ತಾಸಿಗೆ ಇಬ್ರು ಖಾಲಿ ಆಗಿ ಮೂಲಿಗೆ ಕುಂತು ಮೊಬೈಲ್ ನೋಡ್ತಾರ, ಲಿಮಿಟ್‌ನಾಗ ಎಲ್ಲಾರೂ ಕತ್ತಲಾಗೋ ತನಕ ಆಟದಾಗ ಇರ್ತಾರ. ಅದಕ್ಕ ನಮಗ ಇದೇ ಸೈ.

ಆದ್ರ ಇದೇ ಕಾರಣಕ್ಕ ಸಣ್ಣ ಎಕ್ಕ ಇಲ್ಲಿ ಮಾಡೋ ನಷ್ಟ ಕಣ್ಣಿಗೆ ಕಾಣಂಗಿಲ್ಲ. ನೋ ಲಿಮಿಟ್‌ನಾಗ ಎಕ್ಕ-ಏಳು ಹಿಡ್ಕೊಂಡು ಹೋಗಿ ಎಕ್ಕ-ರಾಜಕ್ಕ ಸಿಕ್ಕಿಬಿದ್ರ ಎಲ್ಲಾ ಒಂದೇ ಏಟಿಗೆ ಹೋಗ್ತೈತಿ, ಜನ್ಮಕ್ಕ ನೆನಪಿರ್ತೈತಿ. ಲಿಮಿಟ್‌ನಾಗ 14 ಬೀಜ, 18 ಬೀಜ, ಮತ್ತ 14, ಕಾಲುವಿ ತೂಬು ಸೋರಿದಂಗ ಸೋರ್ತಿರ್ತೈತಿ, ನಡುವೆ ಒಂದೆರಡು ಸಣ್ಣ ಪಾಟ್ (ಎಲ್ಲಾರೂ ಹಾಕಿ ಕೂಡಿದ ಬೀಜ) ಗೆದ್ದಿರೋದ್ರಿಂದ ಆಡೋನಿಗೆ ತಾನು ಚಲೋ ಆಡ್ತಿದೀನಿ ಅಂತಾನೇ ಅನಸ್ತಿರ್ತೈತಿ.

ಮೊದ್ಲು ಈ ಕೈ ಎಷ್ಟು ಸಲ ಬರ್ತೈತಿ ನೋಡ್ರಿ. ಎರಡು ಎಲೆ ಹಂಚೋದು 1,326 ಥರ. ಎಕ್ಕದ ಜೊತಿಗೆ ಎರಡರಿಂದ ಒಂಬತ್ತರ ತನಕ ಬರೋದು 128. ಹತ್ತು ಕೈಗೆ ಹತ್ರ ಹತ್ರ ಒಂದು. ಎಕ್ಕದ ಜೋಡಿ 221 ಕೈಗೆ ಒಂದು ಸಲ. ಅಂದ್ರ ಯಾವ ಕೈಗೆ ನಾವು ಕಾದು ಕುಂತಿರ್ತೀವೋ ಅದು ಅಪರೂಪ, ಯಾವುದು ನಮ್ಮನ್ನ ದಿನಾ ಕಾಡ್ತೈತೋ ಅದು ಎಕ್ಕ-ನಾಲ್ಕು, ಎಕ್ಕ-ಏಳು, ಎಕ್ಕ-ಎಂಟು. ಆ 128ರಾಗ ಎರಡೂ ಒಂದೇ ಕಲರ್ (ಎರಡೂ ಆಟೀನ್, ಇಲ್ಲಾ ಎರಡೂ ಇಸ್ಪೀಟ್, ಹಿಂಗ) ಇರೋವು 32, ಬ್ಯಾರೆ ಬ್ಯಾರೆ ಕಲರ್ 96. ಈ 32ಕ್ಕೂ 96ಕ್ಕೂ ಆಕಾಶ ಭೂಮಿ ಫರಕ್ ಐತಿ, ಅದನ್ನ ಆಮ್ಯಾಲೆ ಹೇಳ್ತೀನಿ.

ಈಗ ಇನ್ನೊಂದು ಪ್ರಶ್ನೆ, ನನ್ನ ಕೈಯಾಗ ಒಂದು ಎಕ್ಕ ಐತಿ, ಉಳಿದೋರ ಹತ್ರ ಇನ್ನೊಂದು ಇರಬಹುದಾ. ಎದುರಿಗೆ ಒಬ್ಬನೇ ಇದ್ರ ನೂರಕ್ಕ 12 ಸಲ ಇರ್ತೈತಿ. ನಮ್ಮಂಗ ಏಳು ಮಂದಿ ಸುತ್ತ ಕುಂತಿದ್ರ ನೂರಕ್ಕ 57 ಸಲ. ಹತ್ತು ಮಂದಿಯ ತುಂಬಿದ ಟೇಬಲ್ ಆದ್ರ 75. ಇದನ್ನ ಹೇಳಿದಾಗ ನಮ್ಮ ಅಣ್ಣ ಒಪ್ಪಲೇ ಇಲ್ಲ, "ಇರೋದೇ ನಾಲ್ಕು ಎಕ್ಕ, ಒಂದು ನನ್ನ ಹತ್ರ ಐತಿ, ಇನ್ನ ಯಾರಿಗೆ ಹೋಗ್ತೈತೋ" ಅಂತ. ಆರು ಮಂದಿ ಅಂದ್ರ 12 ಎಲೆ ಅಣ್ಣಾ, ಮೂರು ಎಕ್ಕ ಆ ಹನ್ನೆರಡ್ರಾಗ ಒಂದೂ ಬೀಳಬಾರ್ದು ಅಂದ್ರ ಹೆಂಗ. ಮತ್ತ ಇನ್ನೊಂದು ಸೂಕ್ಷ್ಮ ಐತಿ, ಬರೀ ಇನ್ನೊಬ್ರ ಹತ್ರ ಎಕ್ಕ ಐತಾ ಅನ್ನೋದಲ್ಲ, ಬೀಜ ಹಾಕಿ ರೇಸ್ ಮಾಡಿದೋನ ಹತ್ರ ಐತಾ ಅನ್ನೋದು. ಎಕ್ಕ-ಮೂರು ಬಂದೋನು ಸುಮ್ನೆ ಕುಂತಿರಬಹುದು, ಮುಂದಿನ ಜಾಗದಿಂದ, ಅಂದ್ರ ಉಳಿದೋರಿಗಿಂತ ಮೊದ್ಲು ಮಾತಾಡೋ ಜಾಗದಿಂದ, ರೇಸ್ ಮಾಡೋನ ಹತ್ರ ಎಕ್ಕ ಇದ್ರ ಅದರ ಪಕ್ಕ ರಾಜನೋ ರಾಣಿನೋ ಇರ್ತೈತಿ. ನಿಮ್ಮ ಏಳು ಅಲ್ಲಿ ಏನ್ ಮಾಡ್ತೈತಿ.

ಒಂದು ಕೈ ಪೂರ್ತಿ ಆಡಿ ತೋರಿಸ್ತೀನಿ, ಇಂಥದ್ದು ನಮ್ಮಲ್ಲಿ ಆಗ್ತಾನೇ ಇರ್ತೈತಿ.

ಮೇಷ್ಟ್ರು ಮುಂದಿನ ಜಾಗದಾಗ ಕುಂತು ರೇಸ್, 4 ಬೀಜ. ಅಣ್ಣನ ಕೈಯಾಗ ಡೈಮಂಡ್ ಎಕ್ಕ, ಕಳಾವರ್ ಏಳು. ಎಕ್ಕ ಐತಲ್ಲ, ಅಷ್ಟೇ 4 ಹಾಕಿ ಸರಿಗಟ್ಟಿದ್ರು, ಅಂದ್ರ ಕಾಲ್. ಸ್ಮಾಲ್ ಬ್ಲೈಂಡ್ ಹುಡುಗ 1 ಬೀಜ ಬಿಟ್ಟು ಪ್ಯಾಕ್. ಬಿಗ್ ಬ್ಲೈಂಡ್ ಕಾಕಾ ಇನ್ನ ಎರಡು ಹಾಕಿ ಬಂದ್ರು. ಪಾಟ್ 13. ಫ್ಲಾಪ್ ಇಸ್ಪೀಟ್ ಎಕ್ಕ, ಆಟೀನ್ ಒಂಬತ್ತು, ಆಟೀನ್ ನಾಲ್ಕು. ಅಣ್ಣನ ಮುಖ ನೋಡಬೇಕಿತ್ತು. ಕಾಕಾ ಚೆಕ್ (ಏನೂ ಹಾಕದೆ ಮುಂದಿನವ್ರಿಗೆ ಬಿಡೋದು), ಮೇಷ್ಟ್ರು 2, ಅಣ್ಣ ರೇಸ್ 4, ಕಾಕಾ ಪ್ಯಾಕ್, ಮೇಷ್ಟ್ರು ತಡ ಮಾಡದೆ 6. ಇಲ್ಲಿ ಅಣ್ಣ ಸ್ವಲ್ಪ ತಣ್ಣಗಾದ್ರು, ಆದ್ರೂ 2 ಹಾಕಿದ್ರು. ಟರ್ನ್ ಇಸ್ಪೀಟ್ ಗುಲಾಮ, ಮೇಷ್ಟ್ರು 4, ಅಣ್ಣ 4. ರಿವರ್ ಡೈಮಂಡ್ ಎರಡು, ಮೇಷ್ಟ್ರು 4, ಅಣ್ಣ 4. ಮೇಷ್ಟ್ರು ಎಕ್ಕ-ರಾಜ ತೋರಿಸಿದ್ರು. ಅಣ್ಣನಿಂದ ಹೋದದ್ದು 18 ಬೀಜ, ಅಂದ್ರ ನಾಲ್ಕೂವರೆ ದೊಡ್ಡ ಬೆಟ್.

ಇಲ್ಲಿ ಎಲ್ಲಾರೂ ಅಣ್ಣಗ ಹೇಳೋದು ಏನು, "ಮೇಷ್ಟ್ರು 6 ಮಾಡಿದಾಗ್ಲೇ ಬಿಡಬೇಕಿತ್ತಲ್ಲೋ". ನಾನು ಇದನ್ನ ಒಪ್ಪಂಗಿಲ್ಲ. ಟರ್ನ್‌ನಾಗ ಲೆಕ್ಕ ಹಾಕ್ರಿ, ಪಾಟ್‌ನಾಗ ಮೊದಲೇ 25, ಮೇಷ್ಟ್ರದ್ದು 4 ಸೇರಿ 29, ಅಣ್ಣ ಹಾಕಬೇಕಾದ್ದು 4. ಎಂಟು ಸಲಕ್ಕ ಒಂದು ಸಲ ಗೆದ್ರೂ ಸಾಕು ನಷ್ಟ ಇಲ್ಲ. ರಿವರ್‌ನಾಗ ಪಾಟ್ 37, ಹಾಕೋದು 4, ಹತ್ತು ಸಲಕ್ಕ ಒಂದು ಸಲ. ಮೇಷ್ಟ್ರು ಕಲರ್ ಬರ್ತೈತಿ ಅಂತ ಕಾಯ್ತಾ ಜೋರು ಮಾಡಿರಬಹುದು, ಆಟೀನ್ ಎರಡು ನೆಲದ ಮ್ಯಾಲಿದ್ವಲ್ಲ, ಇಲ್ಲಾ ರಾಜನ ಜೋಡಿ ಹಿಡ್ಕೊಂಡು ಮೊಂಡತನ ಮಾಡಿರಬಹುದು. ಹತ್ತಕ್ಕ ಒಂದು ಅನ್ನೋ ಅನುಮಾನ ಯಾವಾಗ್ಲೂ ಇರ್ತೈತಿ. ಅಂದ್ರ ಒಳಗ ಹೋದ ಮ್ಯಾಲೆ, ಎಕ್ಕ ಜೋಡಿ ಆದ ಮ್ಯಾಲೆ, ಪ್ರತಿ ಸುತ್ತಿನಾಗೂ ಕಾಲ್ ಮಾಡೋದೇ ಸರಿ ಅಂತ ಪಾಟ್ ಹೇಳ್ತೈತಿ, ಮತ್ತ ಎಲ್ಲಾ ಸರಿ ಕೂಡಿ 18 ಬೀಜ ಹೋಗಿರ್ತಾವ. ಲಿಮಿಟ್‌ನ ಕುತ್ತಿಗಿ ಹಿಡಿಯೋ ಜಾಗ ಇದೇ. ನೋ ಲಿಮಿಟ್‌ನಾಗ ಎದುರಿನವ್ನು ಪಾಟಿನಷ್ಟೇ ತಳ್ಳಿದ್ರ ಮೂರಕ್ಕ ಒಂದು ಸಲ ಗೆಲ್ಲಬೇಕು, ಆಗ ಬಿಡೋದು ಸುಲಭ. ಇಲ್ಲಿ ಬಿಡೋಕೆ ಅಗ್ಗದ ಬೆಲಿಯೇ ಬಿಡಂಗಿಲ್ಲ. ಹಂಗಾಗಿ ಅಣ್ಣನ 18 ಬೀಜ ಹೋಗಿದ್ದು ರಿವರ್‌ನಾಗ ಅಲ್ಲ, ಮೊದಲನೇ 4 ಹಾಕಿದಾಗ. ಅಲ್ಲೇ ಪ್ಯಾಕ್ ಮಾಡಿದ್ರ ಖರ್ಚು ಸೊನ್ನೆ.

"ಆದ್ರ ಗೆದ್ದಾಗ?" ಅಂತ ಕೇಳ್ತೀರಿ. ಅದನ್ನೂ ನೋಡೋಣ. ಮೇಷ್ಟ್ರು ಮುಂದಿನ ಜಾಗದಿಂದ ರೇಸ್ ಮಾಡೋದು ಹತ್ತರ ಜೋಡಿ ಮತ್ತ ಅದರ ಮ್ಯಾಲಿನವು, ಎಕ್ಕ-ಗುಲಾಮ ಮತ್ತ ಅದರ ಮ್ಯಾಲಿನವು ಅಂತ ಇಟ್ಕೊಳ್ರಿ. ಒಂದು ಎಕ್ಕ ಅಣ್ಣನ ಹತ್ರ, ಒಂದು ನೆಲದ ಮ್ಯಾಲೆ, ಉಳಿದದ್ದು ಎರಡು. ಎಕ್ಕ-ರಾಜ 8 ಥರ, ಎಕ್ಕ-ರಾಣಿ 8, ಎಕ್ಕ-ಗುಲಾಮ 8, ಎಕ್ಕದ ಜೋಡಿ 1, ಕೂಡಿ 25 ಕೈ ಅಣ್ಣನ್ನ ಹೊಡಿತಾವ. ರಾಜ, ರಾಣಿ, ಗುಲಾಮ, ಹತ್ತರ ಜೋಡಿ, ಒಂದೊಂದು 6, ಕೂಡಿ 24 ಕೈ ಅಣ್ಣಗ ಸೋಲ್ತಾವ. ಅರ್ಧಕ್ಕರ್ಧ ಅಲ್ಲೇನ್ರಿ ಅಂದ್ರ ಹೌದು, ಆದ್ರ ಬೀಜ ಅರ್ಧಕ್ಕರ್ಧ ಅಲ್ಲ. ರಾಣಿ ಜೋಡಿ ಹಿಡಿದ ಮೇಷ್ಟ್ರು ನೆಲದ ಮ್ಯಾಲೆ ಎಕ್ಕ ನೋಡಿ 2 ಹಾಕ್ತಾರ, ಅಣ್ಣ ರೇಸ್ ಮಾಡಿದ ಕೂಡ್ಲೇ ಬಿಡ್ತಾರ, ಇಲ್ಲಾ ಇನ್ನೊಂದು ಎರಡು ಹಾಕಿ ಟರ್ನ್‌ನಾಗ ಬಿಡ್ತಾರ. ಅಣ್ಣಗ ಲಾಭ 11, ಹೆಚ್ಚಂದ್ರ 13. ಸೋತಾಗ 18. ಅರ್ಧ ಸಲ 12 ಬಂದು ಅರ್ಧ ಸಲ 18 ಹೋಗೋ ವ್ಯಾಪಾರನ್ನ ಜೀನ್ಸ್ ಯೂನಿಟ್‌ನಾಗ ಅಣ್ಣ ಮಾಡ್ತಾರಾ. ಮತ್ತ ಇದು ಫ್ಲಾಪ್‌ನಾಗ ಎಕ್ಕ ಬಂದಾಗಿನ ಮಾತು, ಅಂದ್ರ ಅಣ್ಣ ಬಯಸಿದ ಫ್ಲಾಪ್, ಅದು ಬರೋದೇ ನೂರಕ್ಕ 17 ಸಲ. ಸೋಲ್ತಿರುವಾಗ ತಿರುಗೋ ದಾರಿ ಏಳು ಬರೋದು, ಮೂರೇ ಏಳು ಉಳಿದಾವ, ಎರಡು ಎಲೆ ಬಾಕಿ, ಎಕ್ಕ-ರಾಜದ ಎದುರಿಗೆ ನೂರಕ್ಕ 13.

ಎರಡೂ ಕಡೆ ಸಣ್ಣ ಎಕ್ಕ ಇದ್ರ ಇನ್ನೊಂದು ಮಜಾ ಆಗ್ತೈತಿ. ಒಬ್ಬನ ಹತ್ರ ಎಕ್ಕ-ಎಂಟು, ಇನ್ನೊಬ್ಬನ ಹತ್ರ ಎಕ್ಕ-ಏಳು, ನೆಲದ ಮ್ಯಾಲೆ ಎಕ್ಕ, ರಾಜ, ಗುಲಾಮ, ಒಂಬತ್ತು, ಮೂರು. ಇಬ್ರದ್ದೂ ಎಕ್ಕದ ಜೋಡಿ, ಜೊತಿಗೆ ರಾಜ ಗುಲಾಮ ಒಂಬತ್ತು, ಐದು ಎಲೆ ಮುಗೀತು. ಎಂಟೂ ಇಲ್ಲ ಏಳೂ ಇಲ್ಲ, ಪಾಟ್ ಅರ್ಧ ಅರ್ಧ. ಕಿಕ್ಕರ್ ಮಾತಾಡಬೇಕಾದ್ರ ನೆಲದ ಮ್ಯಾಲಿನ ಎಲೆಗಳ ನಡುವೆ ಅದು ದೊಡ್ಡದಾಗಿ ನಿಲ್ಲಬೇಕು, ಏಳು ಎಂಟು ನಿಲ್ಲೋದು ಕಮ್ಮಿ. ಅಂದ್ರ ದೊಡ್ಡ ಎಕ್ಕಕ್ಕ ಪೂರ್ತಿ ಸೋಲ್ತೀವಿ, ಸಣ್ಣ ಎಕ್ಕದ ಮ್ಯಾಲೆ ಗೆದ್ರ ಅರ್ಧ ಗೆಲ್ತೀವಿ. ಕಾಕಾ ಇಂಥ ಪಾಟ್ ಹಂಚ್ಕೊಂಡಾಗೆಲ್ಲ "ನೋಡಪ್ಪಾ ಸೋಲ್ಲಿಲ್ಲ" ಅಂತ ಖುಷಿ ಪಡ್ತಾರ, ಪಡ್ಲಿ.

ಈಗ ಆ 32 ಕೈಗಳ ಮಾತು, ಎರಡೂ ಎಲೆ ಒಂದೇ ಕಲರ್. ಇದು ಪೂರ್ತಿ ಬ್ಯಾರೆ ಪ್ರಾಣಿ. ಆಟೀನ್ ಎಕ್ಕ-ಆಟೀನ್ ಐದು ಬಂದ್ರ ನನಗ ಮಂದಿ ಹೆಚ್ಚು ಬೇಕು, ಅಗ್ಗಕ್ಕ ಫ್ಲಾಪ್ ನೋಡಬೇಕು. ಬಟನ್‌ನಾಗ (ಫ್ಲಾಪ್ ಆದ ಮ್ಯಾಲೆ ಕೊನಿಗೆ ಮಾತಾಡೋ ಡೀಲರ್ ಜಾಗ) ಇಲ್ಲಾ ಅದರ ಹಿಂದಿನ ಜಾಗದಾಗ ಕುಂತಿದ್ದು, ಮುಂದಿನೋರು ಮೂರ್ನಾಲ್ಕು ಮಂದಿ ಬರೀ 2 ಹಾಕಿ ಬಂದಿದ್ರ ಖುಷಿಯಿಂದ 2 ಹಾಕ್ತೀನಿ. ಫ್ಲಾಪ್‌ನಾಗೇ ಪೂರಾ ಕಲರ್ ಬರೋದು 118 ಸಲಕ್ಕ ಒಂದು, ಅದರ ಆಸಿ ಬ್ಯಾಡ. ನೆಲದ ಮ್ಯಾಲೆ ಎರಡು ಆಟೀನ್ ಬಂದು ನಾಲ್ಕು ಕೂಡೋದು ನೂರಕ್ಕ 11. ಅಲ್ಲಿಂದ ರಿವರ್ ಒಳಗ ಕಲರ್ ಆಗೋದು ನೂರಕ್ಕ 35. ಈ 35 ಅನ್ನೋ ನಂಬರ್ ಲಿಮಿಟ್‌ನಾಗ ಬಂಗಾರ, ಹೆಂಗಂದ್ರ ಎದುರಿಗೆ ನಾಲ್ಕು ಮಂದಿ ಇದ್ರ ನಾನು ರೇಸ್ ಮಾಡಿ ಎಲ್ಲಾರೂ ಹಾಕಿದ್ರ ಪಾಟಿಗೆ ಬೀಳೋ ಪ್ರತಿ ಐದು ಬೀಜದಾಗ ನಂದು ಒಂದೇ, ನೂರಕ್ಕ 20. ಹಾಕೋದು 20, ಗೆಲ್ಲೋದು 35. ಅದಕ್ಕ ಕಲರ್ ಆಗೋಕೂ ಮುಂಚೆನೇ ಫ್ಲಾಪ್‌ನಾಗ ರೇಸ್ ಮಾಡ್ರಿ, ಕಾಯ್ತಾ ಕೂಡಬ್ಯಾಡ್ರಿ. ನಮ್ಮ ಹುಡುಗ್ರಿಗೆ ಇದು ಎಷ್ಟ್ ಹೇಳಿದ್ರೂ ತಿಳಿಯಂಗಿಲ್ಲ, "ಇನ್ನ ಬಂದೇ ಇಲ್ಲಲ್ಲಣ್ಣಾ ರೇಸ್ ಹೆಂಗ" ಅಂತಾರ. ನೆಲದ ಎಲೆ ಜೋಡಿ ಆದ್ರ ಮಾತ್ರ ಹುಷಾರು, ಫುಲ್ ಹೌಸ್ (ಒಂದೇ ಥರದ ಮೂರು, ಜೊತಿಗೊಂದು ಜೋಡಿ, ಕಲರ್‌ನ ಹೊಡಿಯೋ ಕೈ) ವಾಸನಿ ಇರ್ತೈತಿ. ಎಕ್ಕದ ಕಲರ್ ಆಗಿ, ಇನ್ನೊಬ್ಬನ ಹತ್ರ ರಾಜನ ಕಲರ್ ಇದ್ರ ಅವತ್ತು ವಗ್ಗರಣಿ ಮಿರ್ಚಿ ಖರ್ಚು ಅವಂದೇ ಅಂತ ತಿಳ್ಕೊಳ್ರಿ.

ಎರಡರಿಂದ ಐದರ ತನಕದ ಎಕ್ಕಕ್ಕ ಇನ್ನೊಂದು ಸಣ್ಣ ಲಾಭ ಐತಿ, ಎಕ್ಕ-ಎರಡು-ಮೂರು-ನಾಲ್ಕು-ಐದು ಸೀಕ್ವೆನ್ಸ್ ಕೂಡಬಹುದು. ಹಂಗಾಗಿ ಎಕ್ಕ-ಐದು ಎಕ್ಕ-ಆರಕ್ಕಿಂತ ಒಂದು ಕೂದಲು ಮ್ಯಾಲೆ. ಕೂದಲು ಅಷ್ಟೇ, ಅದನ್ನ ನಂಬಿ ಬ್ಯಾರೆ ಕಲರಿನ ಎಕ್ಕ-ಐದು ಹಿಡ್ಕೊಂಡು ಮುಂದಿನ ಜಾಗದಿಂದ ಹೋಗಬ್ಯಾಡ್ರಿ.

ಹಂಗಾರ ಬ್ಯಾರೆ ಕಲರಿನ ಆ 96 ಕೈ ಯಾವಾಗ್ಲೂ ಕಸಾನಾ? ಅಲ್ರಿ. ಮಂದಿ ಕಮ್ಮಿ ಆದಂಗ ಎಕ್ಕಕ್ಕ ಮೂರೆಲೆಯ ಬಲ ತಿರುಗಿ ಬರ್ತೈತಿ. ನೀವು ಬಟನ್‌ನಾಗ ಇದ್ದೀರಿ, ಮುಂದಿನೋರು ಎಲ್ಲಾ ಪ್ಯಾಕ್, ಉಳಿದೋರು ಇಬ್ರೇ ಬ್ಲೈಂಡ್. ಅವರ ನಾಲ್ಕು ಎಲೆಯಾಗ ಎಕ್ಕ ಇಲ್ಲದೇ ಇರೋದು ನೂರಕ್ಕ 77 ಸಲ. ಇಲ್ಲಿ ಎಕ್ಕ-ಮೂರು ಆದ್ರೂ ರೇಸ್ ಮಾಡ್ರಿ, ಬರೀ ಕಾಲ್ ಮಾಡಬ್ಯಾಡ್ರಿ. ಇಬ್ರೂ ಬಿಟ್ರ 3 ಬೀಜ ಪುಕ್ಕಟೆ, ಒಬ್ಬ ಬಂದ್ರ ನೀವು ಕೊನಿಗೆ ಮಾತಾಡೋ ಜಾಗದಾಗ ಇರ್ತೀರಿ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಾಗ ಏನು ಬೇಕಾದ್ರೂ ಇರಬಹುದು ಅಂದ್ರ, ಎಕ್ಕದ ಕೈಗಳೊಳಗ ಅತಿ ಸಪ್ಪೆ ಆದ ಬ್ಯಾರೆ ಕಲರಿನ ಎಕ್ಕ-ಎರಡು ಕೂಡ ನೂರಕ್ಕ ಸುಮಾರು 55 ಗೆಲ್ತೈತಿ. ಜೋಡಿ ಆಗದೇ ಬರೀ ಎಕ್ಕದ ಮ್ಯಾಲೆ ಶೋ ಗೆಲ್ಲೋದೂ ಇಲ್ಲಿ ಸಾಮಾನ್ಯ. ಲಿಮಿಟ್ ಇರೋದ್ರಿಂದ ನಿಮ್ಮನ್ನ ಯಾರೂ ದೊಡ್ಡ ಬೆಟ್ ಹಾಕಿ ಓಡಿಸೋಕಾಗಂಗಿಲ್ಲ, ಒಂದೊಂದೇ ಬೆಟ್ ಕೊಟ್ಟು ಕೊನಿ ತನಕ ನೋಡಬಹುದು.

ಇದನ್ನ ಕಂಪ್ಯೂಟರ್ ಕೂಡ ಒಪ್ಪೈತಿ. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯ ಮೈಕೆಲ್ ಬೌಲಿಂಗ್ ಅವರ ತಂಡ ಸೆಫಿಯಸ್ ಅನ್ನೋ ಪ್ರೋಗ್ರಾಮ್ ಮಾಡಿ, ಇಬ್ರು ಆಡೋ ಲಿಮಿಟ್ ಹೋಲ್ಡೆಮ್ ಬಿಡಿಸಿದ್ವಿ ಅಂತ 2015ರ ಜನವರಿಯಾಗ ಸೈನ್ಸ್ ಪತ್ರಿಕೆಯಾಗ ಪ್ರಕಟ ಮಾಡಿದ್ರು. ಬಿಡಿಸಿದ್ವಿ ಅಂದ್ರ ಒಬ್ಬ ಮನುಷ್ಯ ಜೀವಮಾನ ಪೂರ್ತಿ ಕುಂತು ಆಡಿದ್ರೂ ಅದು ಸೋಲ್ತೈತಿ ಅಂತ ಖಾತ್ರಿಯಾಗಿ ತೋರಿಸೋಕಾಗಂಗಿಲ್ಲ, ಅಷ್ಟು ಹತ್ರ ಹೋಗೈತಿ. ಡೀಲರ್ ಜಾಗದಾಗ ಅದು ಬರೀ ಕಾಲ್ ಮಾಡೋದು ಇಲ್ಲ ಅನ್ನೋವಷ್ಟು ಅಪರೂಪ, ಆಡೋ ಕೈ ಆದ್ರ ರೇಸ್, ಇಲ್ಲಾಂದ್ರ ಪ್ಯಾಕ್, ಎಕ್ಕ ಇದ್ರ ರೇಸ್ ಸಾಲಿಗೇ. ನಮ್ಮ ಹುಡುಗ್ರಾಗ ಒಬ್ಬ ಇದನ್ನ ಎಲ್ಲೋ ಓದ್ಕೊಂಡು ಬಂದು, "ಅಣ್ಣಾ ಕಂಪ್ಯೂಟರೇ ಎಕ್ಕ ಬಿಡಬ್ಯಾಡ ಅಂತೈತಿ" ಅಂತ ಏಳು ಮಂದಿ ನಡುವೆ ಎಕ್ಕ-ನಾಲ್ಕು ಹಿಡ್ಕೊಂಡು ಮೊದಲನೇ ಜಾಗದಿಂದ ರೇಸ್ ಮಾಡಾಕ ಶುರು ಮಾಡಿದ. ಅದು ಇಬ್ರ ಆಟಪ್ಪಾ. ಇಬ್ರ ನಡುವೆ ಎದುರಿನವನ ಹತ್ರ ಎಕ್ಕ ಇರೋದು ನೂರಕ್ಕ 12, ಈ ಚಾಪಿ ಮ್ಯಾಲೆ 57. ಎಲೆ ಅದೇ, ಮಂದಿ ಬ್ಯಾರೆ.

ಬಿಗ್ ಬ್ಲೈಂಡ್‌ನಾಗ ಇದ್ದಾಗ ಬಟನ್‌ನವ ರೇಸ್ ಮಾಡಿದ್ರ, ಸ್ಮಾಲ್ ಬ್ಲೈಂಡ್ ಬಿಟ್ರ, ಪಾಟ್ 7, ನೀವು ಹಾಕೋದು 2. ನೂರಕ್ಕ 22 ಗೆದ್ರೆ ಸಾಕು, ಯಾವ ಎಕ್ಕ ಆದ್ರೂ ಬಿಡೋ ಮಾತೇ ಇಲ್ಲ, ಬಟನ್‌ನವ ಕಸ ಹಿಡ್ಕೊಂಡು ರೇಸ್ ಮಾಡೋನಾದ್ರ ತಿರುಗಿ ರೇಸ್ ಮಾಡ್ರಿ. ಅದೇ ರೇಸ್ ಮುಂದಿನ ಜಾಗದಿಂದ ಮೇಷ್ಟ್ರದ್ದು ಬಂದು ನಡುವೆ ಇಬ್ರು ಕಾಲ್ ಮಾಡಿದ್ರ, ಬ್ಯಾರೆ ಕಲರಿನ ಎಕ್ಕ-ಎಂಟು ನಾನು ಬಿಡ್ತೀನಿ, ಒಂದೇ ಕಲರ್ ಆದ್ರ ಹೋಗ್ತೀನಿ.

ಫ್ಲಾಪ್‌ನಾಗ ಎಕ್ಕ ಬರದಿದ್ದಾಗ "ಒಂದು ಎಲೆ ನೋಡೇಬಿಡೋಣ" ಅನ್ನೋ ಚಟ ಇನ್ನೊಂದೈತಿ. ರಾಜ-ಎಂಟು-ಐದು ಬಿದ್ದೈತಿ, ಕೈಯಾಗ ಎಕ್ಕ-ಏಳು, ಬ್ಯಾರೆ ಬ್ಯಾರೆ ಕಲರ್. ಮುಂದಿನ ಎಲೆ ಎಕ್ಕ ಆಗೋದು ನೂರಕ್ಕ 6 ಚಿಲ್ಲರೆ, ಅಂದ್ರ ಪಾಟ್ ನೀವು ಹಾಕೋದರ ಹದಿನಾಲ್ಕು ಪಟ್ಟಿಗಿಂತ ಹೆಚ್ಚು ಇರಬೇಕು. ಪಾಟ್ 13 ಇದ್ದು ಒಬ್ಬ 2 ಹಾಕಿದ್ರ 15ಕ್ಕ 2, ಏಳೂವರೆ ಪಟ್ಟು. ಸಾಲಂಗಿಲ್ಲ. ಮತ್ತ ಎಕ್ಕ ಬಂದ್ರೂ ಅದು ನಿಮ್ಮದೇ ಗೆಲುವು ಅಂತ ಏನೂ ಇಲ್ಲ, ಎಕ್ಕ-ರಾಜ ಹಿಡಿದೋನು ಅಲ್ಲೇ ಕುಂತಿರ್ತಾನ. ಇದ್ರ ಬದಲು ಸಣ್ಣ ಎಲೆ ಜೋಡಿ ಆದ್ರ ಕಥಿ ಬ್ಯಾರೆ, ಒಂಬತ್ತು-ಐದು-ಎರಡು ಬಿದ್ದು ಕೈಯಾಗ ಎಕ್ಕ-ಐದು ಇದ್ರ ಸುಧಾರಿಸೋ ಎಲೆ ಐದು, ಮತ್ತ ಎಷ್ಟೋ ಸಲ ಆ ಐದರ ಜೋಡಿಯೇ ಮುಂದಿರ್ತೈತಿ. ಎದುರಿಗೆ ಒಬ್ಬ ಇಬ್ರು ಇದ್ರ ಅಲ್ಲಿ ಜೋರಾಗೇ ಆಡ್ರಿ.

ಇನ್ನ ಉಳಿದದ್ದು ಸ್ಮಾಲ್ ಬ್ಲೈಂಡ್. ನನಗೂ ಮೇಷ್ಟ್ರಿಗೂ ಇಷ್ಟು ದಿನ ಆದ್ರೂ ತಾಳ ಕೂಡದ ಜಾಗ ಇದೊಂದೇ. ಮುಂದಿನೋರು ಮೂರು ಮಂದಿ ಬರೀ 2 ಹಾಕಿ ಬಂದಾರ, ಬಿಗ್ ಬ್ಲೈಂಡ್ 2, ನಂದು 1 ಒಳಗೇ ಐತಿ, ಪಾಟ್ 9, ಇನ್ನ 1 ಹಾಕಿದ್ರ ಫ್ಲಾಪ್ ಕಾಣ್ತೈತಿ. ಕೈಯಾಗ ಬ್ಯಾರೆ ಕಲರಿನ ಎಕ್ಕ-ಮೂರು. ನಾನು ಹಾಕ್ತೀನಿ, ಒಂಬತ್ತಕ್ಕ ಒಂದು ಅಂದ್ರ ಎರಡು ಜೋಡಿ ಬಿದ್ದಾಗಿನ ಲಾಭವೇ ಅರ್ಧ ಖರ್ಚು ತೆಗಿತೈತಿ, ಬರೀ ಎಕ್ಕ ಬಂದ್ರ ಚೆಕ್ ಮಾಡಿ ಯಾರು ಎಷ್ಟು ಜೋರು ಮಾಡ್ತಾರ ನೋಡ್ಕೊಂಡು ನಿಧಾನಕ್ಕ ಹೋಗ್ತೀನಿ. ಮೇಷ್ಟ್ರು ಅಲ್ಲೂ ಎಸಿತಾರ. ಎರಡು ಜೋಡಿ ಬೀಳೋದು ನೂರಕ್ಕ ಎರಡೇ ಸಲ, ಉಳಿದ ಸಲ ಐದು ಮಂದಿ ನಡುವೆ ಮೊದಲನೇ ಮಾತು ನೀನೇ ಆಡಬೇಕು, ಎಕ್ಕದ ಜೋಡಿ ಆದ್ರ ನೀನು ನಿಧಾನಕ್ಕ ಹೋಗೋನಲ್ಲ ಅಂತ ಅವರ ವಾದ. ಕಾಕಾ ಮಾತ್ರ ಇಬ್ರ ಕಡೆನೂ ನೋಡದೆ ಅದೇ ಕೈಯಾಗ ರೇಸ್ ಮಾಡ್ತಾರ.